ಆಷಾಢಕ್ಕೆ ಮುಂಚೆ ಕೊಂಡ ಕಾರು

“ಅಡ್ರೆಸ್ ಒಂದು ಬದಲಾಯಿಸಿ ಕೊಟ್ರೆ ಸಾಕು ಅಕ್ಕಾ” ಎಂದು ಟೀಚರೊಬ್ಬರು ತಮ್ಮ ಕಾರಿನ ಇನ್ಶೂರೆನ್ಸ್ ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು. ಒಂದರ್ಧ ಗಂಟೆಯ ಕೆಲಸ, ಟೀ ತಣ್ಣಗಾಗುವಷ್ಟರಲ್ಲಿ ಮುಗಿಯುತ್ತದೆ ಅಂದುಕೊಂಡೆ. ಮಧುಗಿರಿಯಲ್ಲಿ ಆರ್‌ಟಿಓ ಕಚೇರಿಯ ಹತ್ತಿರ, ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಕೂತು ಇಷ್ಟು ವರ್ಷ ಗಾಡಿಗಳ ಇನ್ಶೂರೆನ್ಸ್ ಮಾಡಿಸಿದವಳು ನಾನು. ಆಂಧ್ರದ ನಂಬರಿನ ಗಾಡಿ ನೋಡಿದರೆ ನನಗೇನೂ ಆಶ್ಚರ್ಯವಾಗುವುದಿಲ್ಲ. ಪಾವಗಡದ ಕಡೆಯವರಿಗೆ ಯಾವ ದಿಕ್ಕಿಗೆ ತಿರುಗಿದರೂ ಆಂಧ್ರ. ಹೆಣ್ಣು ಕೊಡುವುದು ಅಲ್ಲಿಗೆ, ತರುವುದು ಅಲ್ಲಿಂದ, ಹಲ್ಲು ನೋವು ಬಂದರೂ ಓಡುವುದು ಅಲ್ಲಿಗೇ. ಕಾರನ್ನೂ ಅಲ್ಲೇ ಕೊಳ್ಳುತ್ತಾರೆ.

ಕಾಗದ ಬಿಡಿಸಿ ನೋಡಿದರೆ ಹೆಸರು ಗಂಡಸರದು.

“ಇದ್ಯಾರು ಮೇಡಂ?”

“ನಮ್ ಮಾವ. ಅಮ್ಮನ ತಮ್ಮ.”

“ಕಾರು?”

“ನಂದೇ ಅಕ್ಕಾ. ದುಡ್ಡು ಕಟ್ಟಿದ್ದು ನಾನು, ಓಡ್ಸೋದೂ ನಾನೇ.”

“ಅದನ್ನ ನೀವು ಹೇಳ್ತಿದ್ದೀರಿ. ಕಾಗದ ಹೇಳ್ತಿಲ್ವಲ್ಲ” ಎಂದೆ. ನನ್ನ ಬಾಯಿ ಸ್ವಲ್ಪ ಜೋರು. ಗಿರಾಕಿಗಳು ಬೇಜಾರು ಮಾಡಿಕೊಳ್ಳುತ್ತಾರೆ, ಆದರೂ ಮತ್ತೆ ನನ್ನ ಹತ್ತಿರವೇ ಬರುತ್ತಾರೆ.

ಟೀಚರ್ ಬೇಜಾರು ಮಾಡಿಕೊಳ್ಳಲಿಲ್ಲ. ಕುರ್ಚಿಯ ಮೇಲೆ ಕೂರುವ ಮುನ್ನ ಎರಡೂ ಕಾಲಿಗೆ ಆಸರೆಯಾಗಿ ಕಟ್ಟಿದ್ದ ಕ್ಯಾಲಿಪರ್‌ಗಳ ಮಂಡಿಯ ಕೊಂಡಿಗಳನ್ನು ಬಿಡಿಸಿಕೊಂಡರು. ಚಿಕ್ಕಂದಿನ ಪೋಲಿಯೊ, ಎರಡು ಕಾಲಿಗೂ ಬಲವಿಲ್ಲ. ಹೊರಗೆ ನಿಂತಿದ್ದ ಬಿಳಿ ಕಾರಿನಿಂದ ಅವರೊಬ್ಬರೇ ಇಳಿದು ಬಂದದ್ದನ್ನು ನಾನು ಆಗಲೇ ನೋಡಿದ್ದೆ. ಗೇರು ಹಾಕುವ ತಾಪತ್ರಯವಿಲ್ಲದ ಆಟೋಮ್ಯಾಟಿಕ್ ಕಾರು. ಸ್ಟೀರಿಂಗಿನ ಎಡಕ್ಕೆ ಒಂದು ಉಕ್ಕಿನ ಲಿವರ್ ಇತ್ತು. ಮುಂದಕ್ಕೆ ಒತ್ತಿದರೆ ಬ್ರೇಕು, ತಮ್ಮ ಕಡೆಗೆ ಎಳೆದುಕೊಂಡರೆ ವೇಗ. ಹಿಂದೂಪುರದ ಲೇತ್ ಕೆಲಸದವರೊಬ್ಬರು ಮಾಡಿ ಕೂರಿಸಿದ್ದಂತೆ.

ಹೆಸರಿನ ಕಥೆ ಹೀಗಿತ್ತು. ಟೀಚರ್ ಹುಟ್ಟಿದ್ದು ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹತ್ತಿರದ ಹಳ್ಳಿಯಲ್ಲಿ, ಕೆಲಸಕ್ಕಿದ್ದದ್ದು ಗಡಿಯಾಚೆಯ ಖಾಸಗಿ ಶಾಲೆಯಲ್ಲಿ, ವಾಸ ಮಾವನ ಮನೆಯಲ್ಲಿ. ಕಾರು ಕೊಳ್ಳಲು ಶೋರೂಮಿಗೆ ಹೋದರೆ ಆಧಾರ್‌ನಲ್ಲಿ ಕರ್ನಾಟಕದ ವಿಳಾಸ. ಆಂಧ್ರದ ವಿಳಾಸಕ್ಕೆ ಬದಲಾಯಿಸಿಕೊಂಡು ಬನ್ನಿ ಅಂದರು ಶೋರೂಮಿನವರು. ಬದಲಾಯಿಸಲು ಹೊತ್ತು ಬೇಕು, ಆಷಾಢ ಬಾಗಿಲಿಗೇ ಬಂದಿತ್ತು. ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರುವುದುಂಟೆ? ಮಾವ ತಮ್ಮ ಆಧಾರ್ ತೆಗೆದು ಕೊಟ್ಟರು, ಅಮಾವಾಸ್ಯೆಗೆ ಮುಂಚೆ ಕಾರು ಮನೆ ಸೇರಿತು, ಬೂದುಗುಂಬಳ ಒಡೆದರು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದರು. ಒಂದೇ ಒಂದು ತಿಂಗಳು ತಡೆದಿದ್ದರೆ ಶ್ರಾವಣದಲ್ಲಿ ಟೀಚರ್ ಹೆಸರಿಗೇ ಬರುತ್ತಿತ್ತು. ನಮ್ಮ ಜನಕ್ಕೆ ಕಾನೂನಿನ ಗಡುವು ಮರೆತುಹೋಗುತ್ತದೆ, ಪಂಚಾಂಗದ ಗಡುವು ಮಾತ್ರ ಮರೆಯುವುದಿಲ್ಲ.

ಆಮೇಲೆ ಟೀಚರಿಗೆ ನಮ್ಮ ಸರ್ಕಾರದ ಕೆಲಸ ಸಿಕ್ಕಿತು. ಕೊರಟಗೆರೆ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆ, ಬಸ್ಸಿನ ರಸ್ತೆಯಿಂದ ಬಹಳ ಒಳಗೆ. ಮಧುಗಿರಿಯಲ್ಲಿ ಮೆಟ್ಟಿಲಿಲ್ಲದ ಬಾಡಿಗೆ ಮನೆ ಹಿಡಿದು ದಿನಾ ಕಾರಿನಲ್ಲಿ ಹೋಗಿಬರುತ್ತಿದ್ದರು. “ಬಸ್ಸಿಗೆ ಹೋಗ್ಬೋದಿತ್ತಲ್ಲ” ಎಂದು ಬಾಯಿಬಿಟ್ಟೆ. “ಕೈ ಕೊಟ್ಟು ಹತ್ತಿಸ್ತಾರೆ ಅಕ್ಕಾ. ಆದ್ರೆ ಶುಕ್ರವಾರ ಗೊರವನಹಳ್ಳಿ ದೇವಸ್ಥಾನಕ್ಕೆ ಹೋಗೋ ಜನ ತುಂಬಿರ್ತಾರೆ, ಕಾಲಿಡೋಕೆ ಜಾಗ ಇರಲ್ಲ. ಕ್ರಾಸಲ್ಲಿ ಇಳಿದ ಮೇಲೆ ಸ್ಕೂಲಿಗೆ ನಡೀಬೇಕಲ್ಲ” ಎಂದರು.

ಇನ್ಶೂರೆನ್ಸ್ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಕಾರು ಟೀಚರ್ ಹೆಸರಿಗೆ ಬಂದು, ಕರ್ನಾಟಕದ ನಂಬರ್ ಸಿಕ್ಕಿ, ಆ ನಂಬರಿಗೆ ಪಾಲಿಸಿ ವರ್ಗವಾಗಬೇಕು. ಗಡುವು ದಾಟಿದರೆ ಆರ್‌ಟಿಓದವರು ಚಾಲ್ತಿ ಇನ್ಶೂರೆನ್ಸ್ ಇಲ್ಲ ಅಂತ ಕಡತ ಮುಟ್ಟುವುದಿಲ್ಲ, ಕಂಪನಿಯವರು ಆರ್‌ಸಿ ಟೀಚರ್ ಹೆಸರಲ್ಲಿಲ್ಲ ಅಂತ ಅವರಿಗೆ ಇನ್ಶೂರೆನ್ಸ್ ಕೊಡುವುದಿಲ್ಲ. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ ಅನ್ನುವುದು ನಮ್ಮ ಕಸುಬಿನವರನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು.

ಮಾವ ಬುದ್ಧಿವಂತಿಕೆ ತೋರಿಸಿ ಆಂಧ್ರದ ಕಚೇರಿಯಿಂದ ಎನ್‌ಓಸಿಯನ್ನು ಮೊದಲೇ ಮಾಡಿಸಿಟ್ಟಿದ್ದರು. ಈ ಗಾಡಿ ನಮ್ಮ ಲೆಕ್ಕದಿಂದ ಹೋಗುತ್ತಿದೆ, ನಮ್ಮದೇನೂ ತಕರಾರಿಲ್ಲ ಅನ್ನುವ ಪತ್ರ ಅದು. ಅವರನ್ನು ಕರೆಸಿದೆ. ಬಸ್ಸಿನಲ್ಲಿ ಬಂದಿಳಿದರು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಕೊಟ್ಟವರ ಫಾರಂ, ಕೊಂಡವರ ಫಾರಂ, ಬೇರೆ ರಾಜ್ಯದ ಗಾಡಿಗೆ ಹೊಸ ನಂಬರ್ ಕೇಳುವ ಫಾರಂ, ಎಲ್ಲದಕ್ಕೂ ಸೈನ್ ಆಯಿತು. ಚಾಸಿ ನಂಬರಿನ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆ. ಈ ಕೆಲಸ ನಾನು ಯಾರಿಗೂ ಬಿಡುವುದಿಲ್ಲ. ಒಂದು ಅಂಕಿ ಮಸುಕಾದರೆ ಮತ್ತೆ ಸಾಲು ನಿಲ್ಲಬೇಕು.

ತಪಾಸಣೆಯ ದಿನ ಇನ್‌ಸ್ಪೆಕ್ಟರ್ ಚಾಸಿ ನಂಬರ್ ಸರಿಹೊಂದಿಸಿಕೊಂಡರು, ಲೈಟು ಹಾರನ್ನು ನೋಡಿದರು. ಬಾಗಿಲು ತೆಗೆದು ಒಳಗೆ ಬಗ್ಗಿದವರು ಹಾಗೇ ನಿಂತರು.

“ಇದೇನಮ್ಮ ಇದು?”

“ಲಿವರ್ ಸಾರ್. ಮೇಡಮ್ಮಿಗೆ ಕಾಲು ಸ್ವಾಧೀನ ಇಲ್ಲ.”

“ಅದು ನಂಗೂ ಕಾಣ್ತದೆ. ಆರ್‌ಸಿಲಿ ಮಾಮೂಲಿ ಕಾರು ಅಂತೈತೆ. ಇಲ್ಲಿರೋದು ಮಾರ್ಪಾಡು ಮಾಡ್ಸಿದ ಗಾಡಿ. ಎರಡೂ ಒಂದೇ ಅಂತ ನಾನು ಹೆಂಗೆ ಸೈನ್ ಹಾಕ್ಲಿ?”

“ಅವ್ರ ಲೈಸೆನ್ಸ್ ನೋಡಿ ಸಾರ್, ಸರಿಯಾಗೈತೆ.”

“ಲೈಸೆನ್ಸಲ್ಲೂ ಅದೇ ಬರ್ದವ್ರೆ. ಮಾರ್ಪಡಿಸಿದ ಗಾಡಿ ಮಾತ್ರ ಓಡಿಸ್ಬೇಕು ಅಂತ. ಈ ಗಾಡಿ ಅಂಗೆ ದಾಖಲೇನೇ ಆಗಿಲ್ವಲ್ಲಮ್ಮ.”

ಅವರು ಸಿಡುಕಲಿಲ್ಲ, ಲಂಚಕ್ಕೆ ಕೈ ಚಾಚಲೂ ಇಲ್ಲ. ಟೀಚರನ್ನು ನೆರಳಿಗೆ ಕರೆದು ಕುರ್ಚಿ ಹಾಕಿಸಿದರು. ಆಗಲೇ ಯಾಕೆ ದಾಖಲು ಮಾಡಿಸಲಿಲ್ಲ ಎಂದು ಕೇಳಿದರು. ಹೆಂಗೆ ಮಾಡಿಸುತ್ತಾರೆ? ಕಾರಿನ ಮಾಲೀಕರು ಮಾವ. ಮಾವನಿಗೆ ಎರಡು ಕಾಲೂ ಗಟ್ಟಿಯಾಗಿವೆ. ಅಂಗವಿಕಲರ ಗಾಡಿ ಅಂತ ಅವರ ಹೆಸರಿಗೆ ಯಾರು ಬರೆದುಕೊಡುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಆಷಾಢದ ಆ ಒಂದು ಅವಸರ ಇಷ್ಟು ದೂರ ಬಂದು ಟೀಚರ್ ಮೇಲೆ ಬಿದ್ದಿತ್ತು.

“ಒಂದೇ ದಾರಿ ಇರೋದು” ಎಂದರು ಇನ್‌ಸ್ಪೆಕ್ಟರ್. “ಲಿವರ್ ಬಿಚ್ಚಿಸ್ಕೊಂಡು ಬನ್ನಿ. ಮಾಮೂಲಿ ಕಾರು ಅಂತ ಪಾಸ್ ಮಾಡಿ ನಿಮ್ ಹೆಸ್ರಿಗೆ ನಂಬರ್ ಕೊಡ್ತೀವಿ. ಆಮೇಲೆ ಮಾಲೀಕರು ನೀವೇ ತಾನೆ, ಮಾರ್ಪಾಡಿಗೆ ಅರ್ಜಿ ಹಾಕಿ. ಸರ್ಟಿಫಿಕೇಟ್ ಇರೋ ಕಿಟ್ ಹಾಕಿಸ್ಬೇಕು, ಲೇತಲ್ಲಿ ಮಾಡಿದ್ದು ನಡೆಯಲ್ಲ. ಪರ್ಮಿಷನ್ ಬರೋಗಂಟ ನೀವು ಓಡಿಸ್ಬಾರ್ದು.”

“ಅಲ್ಲಿಗಂಟ ಸ್ಕೂಲಿಗೆ?” ಎಂದು ಕೇಳಿದವಳು ನಾನು. ಟೀಚರ್ ಕೇಳಲಿಲ್ಲ. ಇನ್‌ಸ್ಪೆಕ್ಟರ್ ಮುಂದಿನ ಗಾಡಿಯ ಕಡೆ ನಡೆದರು, ಅದು ಅವರ ಇಲಾಖೆಯ ಪ್ರಶ್ನೆ ಅಲ್ಲ.

ನಾನು ಅಷ್ಟಕ್ಕೇ ಬಿಡುವವಳಲ್ಲ. ಮಾವನನ್ನು ವಾಪಸ್ ಆಂಧ್ರಕ್ಕೆ ಅಟ್ಟಿದೆ. ಎನ್‌ಓಸಿ ರದ್ದು ಮಾಡಿಸಿ, ಅಲ್ಲೇ ಟೀಚರ್ ಹೆಸರಿಗೆ ಮಾಡಿಸಿ, ಅಲ್ಲೇ ಲಿವರ್ ದಾಖಲಿಸಿಕೊಂಡು ಬನ್ನಿ ಅಂತ. ಅವರು ಮೂರು ಸಲ ಹೋದರು. ರದ್ದು ಮಾಡುತ್ತೇವೆ, ಆದರೆ ಆಕೆಯ ಹೆಸರಿಗೆ ಬರೆಯಲು ಆಂಧ್ರದ ವಿಳಾಸ ಬೇಕು ಎಂದರಂತೆ. ಟೀಚರ್ ಈಗ ಕರ್ನಾಟಕ ಸರ್ಕಾರದ ನೌಕರರು, ವಾಸ ಮಧುಗಿರಿ. ಅಲ್ಲಿಯ ಸುಳ್ಳು ವಿಳಾಸ ಎಲ್ಲಿಂದ ತರುವುದು? ಇನ್ಶೂರೆನ್ಸ್ ಕಂಪನಿಯ ತುಮಕೂರಿನ ಮ್ಯಾನೇಜರಿಗೆ ಫೋನ್ ಮಾಡಿದೆ. ಲಿವರ್ ವಿಷಯ ಬಾಯಿಂದ ಬೀಳುತ್ತಿದ್ದಂತೆ, “ಆರ್‌ಸಿಯಲ್ಲಿ ಇಲ್ಲದ್ದು ನಮ್ಮ ಕಣ್ಣಿಗೆ ಬೀಳಬಾರದಮ್ಮ. ಫೋಟೋ ಹೊರಗಿನಿಂದ ತೆಗೆದು ಕಳಿಸಿ, ಮಾವನ ಹೆಸರಿಗೇ ಇನ್ನೊಂದು ವರ್ಷ ರಿನ್ಯೂವಲ್ ಮಾಡಿಬಿಡಿ” ಎಂದರು. ನನ್ನ ಟಾರ್ಗೆಟ್ ಮುಟ್ಟಿದರೆ ಅವರದೂ ಮುಟ್ಟುತ್ತದೆ.

ಅದು ಮಾಡಲಾರದ್ದೇನಲ್ಲ. ಕಂಪ್ಯೂಟರಿನಲ್ಲಿ ಹಳೆಯ ನಂಬರ್ ಹಾಕಿ ಒತ್ತಿದರೆ ಮಾವನ ಹೆಸರಿನಲ್ಲಿ ಹೊಸ ಪಾಲಿಸಿ ಬಂದುಬಿಡುತ್ತದೆ. ಅಕ್ಕಪಕ್ಕದ ಅಂಗಡಿಯವರೆಲ್ಲ ಅದನ್ನೇ ಹೇಳಿದರು. ಯಾರು ನೋಡುತ್ತಾರೆ, ಎಷ್ಟು ಜನ ಓಡಿಸುತ್ತಿಲ್ಲ. ಪಾಪದ ಹೆಣ್ಣುಮಗಳು, ಪೊಲೀಸಿನವರೂ ತಡೆಯುವುದಿಲ್ಲ ಎಂದರು.

ಮಾವನೂ ಅದನ್ನೇ ಹಿಡಿದರು. ಅಂಗಡಿಯ ಬೆಂಚಿನ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಅಮ್ಮಾ, ನಾನು ಇರೋತನಕ ನನ್ ಹೆಸ್ರಲ್ಲೇ ಇರ್ಲಿ ಬುಡಮ್ಮ. ನಾನೇನು ಕಾರು ಕಿತ್ಕೊಂತೀನಾ? ಮಂಚಿ ರೋಜು ಅಂತ ನೋಡಿ ತಂದಿದ್ದು. ಇಂಗೆ ಆಗ್ತದೆ ಅಂತ ನಾಕೇಂ ತೆಲುಸು, ನಂಗೇನು ಗೊತ್ತು?” ಎಂದರು.

“ಒಳ್ಳೇ ದಿನ ನೋಡಿದ್ರಿ. ಅದ್ರ ಜೊತೆಗೆ ಒಳ್ಳೇ ಆಧಾರೂ ನೋಡ್ಬೇಕಿತ್ತು” ಎಂದೆ. ಅವರು ತಲೆ ತಗ್ಗಿಸಿದರು. ನನ್ನ ಸಿಟ್ಟು ಯಾರ ಮೇಲೆ ಅಂತ ನನಗೇ ಗೊತ್ತಾಗಲಿಲ್ಲ. ಅವರ ಮೇಲಂತೂ ಅಲ್ಲ.

ಟೀಚರ್ ನನ್ನ ಮೇಜಿನ ಕಡೆ ತಿರುಗಿ ಕೂತರು. ಆಮೇಲೆ ನನ್ನನ್ನೇ ನೋಡಿ ಕೇಳಿದರು.

“ಅಕ್ಕಾ, ಮಾವನ ಹೆಸ್ರಲ್ಲಿ ಮಾಡಿಸಿ, ನಾನು ಲಿವರಲ್ಲಿ ಓಡಿಸ್ವಾಗ ಯಾರಿಗಾದ್ರೂ ತಾಗಿದ್ರೆ ಏನಾಗ್ತದೆ? ನಿಜ ಹೇಳಿ.”

ನಿಜ ಹೇಳಿದೆ. ಕಂಪನಿಯವರು ಎಲ್ಲಕ್ಕೂ ಮೊದಲು ಲೈಸೆನ್ಸ್ ಕೇಳುತ್ತಾರೆ. ಇದು ಮಾರ್ಪಡಿಸಿದ ಗಾಡಿ ಅಂತ ದಾಖಲೆ ಇಲ್ಲ, ಈ ಲೈಸೆನ್ಸಿಗೆ ಈ ಗಾಡಿ ಸಲ್ಲುವುದಿಲ್ಲ ಎಂದು ವಾದ ಹೂಡುತ್ತಾರೆ. ಕೋರ್ಟು ಪೆಟ್ಟು ತಿಂದವರಿಗೆ ಏನಾದರೂ ಕೊಡಿಸಬಹುದು, ಕೊಡಿಸದೆಯೂ ಇರಬಹುದು. ಅದು ಇತ್ಯರ್ಥವಾಗುವ ಹೊತ್ತಿಗೆ ಪೆಟ್ಟು ತಿಂದ ಮಗು ಮದುವೆ ವಯಸ್ಸಿಗೆ ಬಂದಿರುತ್ತದೆ.

“ಸ್ಕೂಲ್ ಬಿಟ್ಟಾಗ ಮಕ್ಕಳು ಕಾರಿಗೆ ಅಡ್ಡ ಓಡಿ ಬರ್ತವೆ. ನನ್ ಮಕ್ಕಳೇ, ‘ಮಿಸ್ಸು ಬಂದ್ರು’ ಅಂತ. ಯಾವತ್ತೋ ಒಂದಕ್ಕೆ ತಾಗಿದ್ರೆ ಅದ್ರ ತಾಯಿ ಮುಂದೆ ನಾನು ಏನ್ ಹೇಳ್ಲಿ? ನಂಗೆ ಕಾಲಿಲ್ಲ, ಅದ್ಕೇ ನಿಮ್ಗೂ ಏನೂ ಇಲ್ಲ ಅಂತ ಹೇಳ್ಲಾ?” ಕ್ಯಾಲಿಪರ್ ಕೊಂಡಿ ಸಿಕ್ಕಿಸಿಕೊಂಡು ಎದ್ದು ನಿಂತರು. “ಬಿಚ್ಚಿಸೋಣ ಅಕ್ಕಾ.”

ಬೇಡ ಅನ್ನಬೇಕು ಅನ್ನಿಸಿತು. ಆದರೆ ಅವರು ಹೇಳಿದ್ದು ಸರಿ. ಕಡತ ಮುಚ್ಚಿಟ್ಟು, ಯಾರ ಕೈಯಲ್ಲಿ ಬಿಚ್ಚಿಸುವುದು ಅಂತ ಲೆಕ್ಕ ಹಾಕಿದೆ.

ಮಧುಗಿರಿಯ ಗ್ಯಾರೇಜುಗಳಲ್ಲಿ ಅದನ್ನು ಪೆಡಲಿಗೆ ಪೆಟ್ಟಾಗದಂತೆ ಬಿಚ್ಚುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಶಿರಾದಲ್ಲಿ ನನಗೆ ಗೊತ್ತಿರುವ ಒಬ್ಬ ಭಾಯ್ ಇದ್ದಾರೆ, ಬ್ರೇಕಿನ ಕೆಲಸದಲ್ಲಿ ಕೈ ಶುದ್ಧ. ಅಲ್ಲಿಗೆ ಹೋಗುವಾಗ ಟೀಚರೇ ಓಡಿಸಿದರು, ತಪ್ಪು ಅಂತ ಗೊತ್ತಿದ್ದೂ ಅವರಿಂದ ಕೀ ಕೇಳಲು ನನಗೂ ಮಾವನಿಗೂ ಮನಸ್ಸು ಬರಲಿಲ್ಲ. ಇನ್ನೂ ಹಳೆಯ ನಂಬರು, ಹಳೆಯ ಪಾಲಿಸಿ. ಇಷ್ಟು ದಿನ ಹೇಗಿತ್ತೋ ಹಾಗೆ. ನಾನು ಪಕ್ಕದಲ್ಲಿ, ಮಾವ ಹಿಂದೆ. ಎಡಗೈ ಲಿವರಿನ ಮೇಲೆ, ಬಲಗೈ ಸ್ಟೀರಿಂಗಿನ ಮೇಲೆ. ಅಷ್ಟು ಹದವಾಗಿ ಬ್ರೇಕ್ ಹಾಕುವವರ ಪಕ್ಕದಲ್ಲಿ ನಾನು ಕೂತೇ ಇರಲಿಲ್ಲ. ದಾರಿಯಲ್ಲಿ ಕುರಿ ಮಂದೆ ಅಡ್ಡ ಬಂದರೂ ಕಾರು ಕುಲುಕಲಿಲ್ಲ. ಇದು ಕೊನೆಯ ಸಲ ಇರಬಹುದು ಅನ್ನುವುದು ಮೂವರ ಮನಸ್ಸಿನಲ್ಲೂ ಇತ್ತು. ಮಾವ ಹಿಂದಿನಿಂದ, “ನಿದಾನಂ ತಲ್ಲೀ” ಅನ್ನುತ್ತಿದ್ದರು. ಆಕೆ ನಿಧಾನವಾಗಿಯೇ ಹೋಗುತ್ತಿದ್ದರು.

ಭಾಯ್ ಸೀಟಿನ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. ಎದ್ದು ಬಂದು, “ಯಾರೋ ಬಹುತ್ ಅಚ್ಛಾ ಕೆಲ್ಸ ಮಾಡವ್ರೆ ಅಕ್ಕಾ. ಇದನ್ನ ಬಿಚ್ಚೋಕೆ ನಂಗೆ ದಿಲ್ ಇಲ್ಲ” ಎಂದರು. ಬಿಚ್ಚಲೇಬೇಕು ಭಾಯ್ ಎಂದೆ. ಕ್ಲ್ಯಾಂಪಿನ ಬೋಲ್ಟುಗಳು ಒಂದೊಂದಾಗಿ ಸಡಿಲವಾದವು. ಟೀಚರ್ ನೋಡಲಾರದೆ ಹೊರಗೆ ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತು ಬೋಗುಣಿ ಹಿಡಿದು ಬೋಲ್ಟುಗಳನ್ನು ಇಸಿದುಕೊಂಡರು. ಭಾಯ್ ಲಿವರಿಗೆ ಎಣ್ಣೆ ಸವರಿ ಬಟ್ಟೆ ಸುತ್ತಿ ಅವರ ತೊಡೆಯ ಮೇಲಿಟ್ಟರು. ಕೂಲಿ ಎಷ್ಟೆಂದರೆ ತಲೆ ಅಲ್ಲಾಡಿಸಿಬಿಟ್ಟರು. ವಾಪಸ್ ಬರುವಾಗ ಕಾರು ಓಡಿಸಿದ್ದು ಮಾವ.

ಆಮೇಲೆ ನಡೆದದ್ದೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಇನ್‌ಸ್ಪೆಕ್ಟರ್ ಒಳಗೆ ಬಗ್ಗಿ ನೋಡಿ ಸೈನ್ ಹಾಕಿದರು. ಅಂಗವಿಕಲರಿಗೆ ಸಿಗಬೇಕಾದ ತೆರಿಗೆ ವಿನಾಯಿತಿ ಸಿಗಲಿಲ್ಲ. ಕಾಗದದ ಪ್ರಕಾರ ಅದು ಮಾಮೂಲಿ ಕಾರಲ್ಲವೇ. ಟೀಚರ್ ಪೂರ್ತಿ ತೆರಿಗೆ ಕಟ್ಟಿದರು. ಕರ್ನಾಟಕದ ನಂಬರ್ ಬಂತು, ಆರ್‌ಸಿಯಲ್ಲಿ ಅವರದೇ ಹೆಸರು. ಹದಿನಾಲ್ಕು ದಿನದೊಳಗೆ ಪಾಲಿಸಿ ವರ್ಗಕ್ಕೆ ಬರೆಯಬೇಕು ಅನ್ನುತ್ತದೆ ಕಾನೂನು, ನಾನು ಅವತ್ತೇ ಬರೆದೆ. ಕ್ಲೇಮ್ ಮಾಡದ ವರ್ಷಗಳಿಗೆ ಮಾವನಿಗೆ ಸಿಕ್ಕಿದ್ದ ರಿಯಾಯಿತಿ, ನೋ ಕ್ಲೇಮ್ ಬೋನಸ್, ಕಾರಿನ ಜೊತೆ ಬರುವುದಿಲ್ಲ, ಅದು ಮನುಷ್ಯನದು. ಆ ವ್ಯತ್ಯಾಸ ಕಟ್ಟಿಸಿದೆ. ಹೆಸರು, ನಂಬರು, ವಿಳಾಸ ಮೂರೂ ಬದಲಾಗಿ, ಹಿಂದೆಯೇ ನವೀಕರಣವೂ ಆಯಿತು. ಗಡುವಿಗೆ ಮುಂಚೆಯೇ ಎಲ್ಲ ಮುಗಿದಿತ್ತು. ನನ್ನ ಕೈಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಆದ ಕಡತ ಇನ್ನೊಂದಿಲ್ಲ.

ಇನ್ನು ಉಳಿದದ್ದು ಸರ್ಟಿಫಿಕೇಟ್ ಇರುವ ಕಿಟ್ಟು. ದೊಡ್ಡ ಊರುಗಳಲ್ಲಿ ಅಂಥದ್ದನ್ನು ಮಾಡುವವರನ್ನು ಹುಡುಕಿ ಹುಡುಕಿ ಫೋನ್ ಮಾಡಿದೆ. ಕಾರಿನ ಮಾಡೆಲ್ ಹೇಳಿದ ಕೂಡಲೇ ಅತ್ತಲಿಂದ ಮಾತು ನಿಧಾನವಾಗುತ್ತಿತ್ತು. ಆ ಮಾಡೆಲ್ ಈಗ ಬರುತ್ತಿಲ್ಲ, ಅದಕ್ಕೆ ಪರೀಕ್ಷೆ ಮಾಡಿಸಿದ ಕಿಟ್ ನಮ್ಮಲ್ಲಿಲ್ಲ, ಒಂದು ಕಾರಿಗೋಸ್ಕರ ಪರೀಕ್ಷೆ ಮಾಡಿಸಲು ಆಗುವುದಿಲ್ಲ ಎಂದರು. ಒಬ್ಬರು ಬೇರೆ ಕಾರು ತಗೊಳ್ಳಿ ಎಂದರು. ಈ ಕಾರಿಗೆ ಮಾಡಿದ ಕೈಸಾಲವನ್ನೇ ಟೀಚರ್ ಸಂಬಳದಲ್ಲಿ ಇನ್ನೂ ತೀರಿಸುತ್ತಿದ್ದರು. ಇನ್‌ಸ್ಪೆಕ್ಟರಿಗೆ ಲೇತಿನ ಲಿವರನ್ನೇ ತೋರಿಸಿ ಕೇಳಿದೆ. ಅವರು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿ, “ಗಟ್ಟಿಯಾಗೈತೆ ಕಣಮ್ಮ. ಆದ್ರೆ ನಂಗೆ ಅಧಿಕಾರ ಇಲ್ಲ” ಎಂದರು. ಮೇಲಿನವರಿಗೆ ಬರೆದೆವು. ಉತ್ತರ ಬಂದಿಲ್ಲ. ಬರುತ್ತದೆ ಅಂತ ನಾನೂ ನಂಬಿಕೊಂಡಿಲ್ಲ.

ಮಾವ ಊರಿಗೆ ವಾಪಸ್ ಹೋದರು, ಡ್ರೈವರ್ ಇಡಲು ಸಂಬಳ ಸಾಲದು, ಟೀಚರ್ ಈಗ ಆಟೋ ಗೊತ್ತುಮಾಡಿಕೊಂಡಿದ್ದಾರೆ. ಮಧುಗಿರಿಯಿಂದ ಅಷ್ಟು ದೂರಕ್ಕೆ ಆಟೋದವನು ದಿನಾ ಬರುವುದಿಲ್ಲ. ಬಾರದ ದಿನ ರಜೆ. ರಜೆಗಳು ಮುಗಿಯುತ್ತಾ ಬಂದಿವೆ, ಪ್ರೊಬೇಷನ್ ಮುಗಿದಿಲ್ಲ. ಹೆಡ್‌ಮಾಸ್ಟರು ಒಳ್ಳೆಯವರು, ಆದರೆ ಹಾಜರಿಯಲ್ಲಿ ಒಳ್ಳೆಯತನಕ್ಕೆ ಕಾಲಂ ಇಲ್ಲ.

ಪಾಲಿಸಿಯ ಮೂಲ ಪ್ರತಿ ಬಂದಾಗ ಅದನ್ನು ಕೊಡಲು ಅವರ ಮನೆಗೆ ಹೋದೆ. ಅದೂ ಆಟೋ ಬಾರದ ದಿನವೇ ಆಗಿತ್ತು. ಕಾರು ಅಂಗಳದಲ್ಲಿ ಹೊದಿಕೆಯೊಳಗಿತ್ತು. “ಅಕ್ಕಾ, ನೀವೇ ಒಂದ್ ರೌಂಡ್ ಓಡಿಸ್ಕೊಂಡ್ ಬನ್ನಿ. ನಿಂತೂ ನಿಂತೂ ಬ್ಯಾಟ್ರಿ ಹೋಗ್ತದೆ” ಎಂದು ಕೀ ಕೊಟ್ಟರು. ಅವರನ್ನೂ ಎಡಗಡೆ ಕೂರಿಸಿಕೊಂಡು ಬೆಟ್ಟದ ಕಡೆಗೆ ಒಂದು ಸುತ್ತು ಹೋಗಿ ಬಂದೆ. ರೋಡ್ ಹಂಪಿನ ಹತ್ತಿರ ನಾನು ಬ್ರೇಕ್ ಹಾಕಿದಾಗೆಲ್ಲ ಕಾರು ಮುಗ್ಗರಿಸುತ್ತಿತ್ತು. ಆಗೆಲ್ಲ ಅವರ ಎಡಗೈ ಲಿವರ್ ಒತ್ತುವ ಹಾಗೆ ಮುಂದಕ್ಕೆ ಹೋಗುತ್ತಿತ್ತು.

ಒಳಗೆ ಬಂದು ಕೂತ ಮೇಲೆ ಟೀಚರ್ ಪಾಲಿಸಿಯನ್ನು ಮಕ್ಕಳ ಉತ್ತರ ಪತ್ರಿಕೆ ನೋಡುವ ಹಾಗೆ ಮೊದಲಿನಿಂದ ಓದತೊಡಗಿದರು. ಅಷ್ಟು ಓದುವವರನ್ನು ನಾನು ನೋಡಿಲ್ಲ. ನಡುವೆ ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು.

“ಓಡಿಸುವವರು ಯಾರು ಅಂತ ಒಂದು ಕಲಂ ಇದೆ ಅಕ್ಕಾ. ಈಗ ನೀವು ಓಡಿಸಿದ್ರಲ್ಲ, ಎಲ್ಲಾದ್ರೂ ಗುದ್ದಿದ್ರೆ ಕ್ಲೇಮ್ ಬರ್ತಿತ್ತಾ?”

“ಬರ್ತಿತ್ತು. ನಂಗೆ ಲೈಸೆನ್ಸ್ ಇದೆ.”

“ನಮ್ಮಾವ?”

“ಅವ್ರಿಗೂ ಬರುತ್ತೆ.”

“ಆಟೋದವ್ನು?”

“ಕಾರಿನ ಲೈಸೆನ್ಸ್ ಇದ್ರೆ ಯಾರು ಓಡಿಸಿದ್ರೂ ಬರುತ್ತೆ ಮೇಡಂ.”

“ನನ್ನೊಬ್ಳನ್ನ ಬಿಟ್ಟು” ಎಂದರು.

ನಾನು ಹೂಂ ಅಂದೆ. ಅವರು ಕಾಗದವನ್ನು ಮಡಿಕೆಯ ಮೇಲೇ ಮಡಿಸಿ ಕವರಿನೊಳಗಿಟ್ಟರು.

“ಮುಂದಿನ ವರ್ಷ ಒಂದು ವಾರ ಮುಂಚೇನೇ ನೆನಪು ಮಾಡಿ ಅಕ್ಕಾ, ರಿನ್ಯೂವಲ್ ತಪ್ಪಬಾರ್ದು” ಎಂದರು.